ಐದು ಫಿಲ್ಮ್, ಆರು ಸೂಜಿ

ಮಾರ್ಚ್ 3, ಬೆಳಿಗ್ಗೆ 10.20
ಮತ್ತೆ ಐದು ಚಿನ್ನದ ಫಿಲ್ಮ್. ದಪ್ಪದ್ದು ಮೊದಲು, ತೆಳುವಾದದ್ದು ಕೊನೆಗೆ — ನನ್ನ ಗೈಡ್ ಮೇಡಂ ಹಾಕಿಕೊಟ್ಟ ಕ್ರಮ. ಕಣ್ಣಿಗೆ ಕಾಣದಷ್ಟು ಚೂಪು ತುದಿಯ ಸೂಜಿ ಫಿಲ್ಮಿನ ಮೇಲೆ ಗೆರೆಗೆರೆಯಾಗಿ ಸರಿಯುತ್ತದೆ, ಎಲ್ಲೆಲ್ಲಿ ಎಷ್ಟು ಕರೆಂಟ್ ಹರಿಯಿತೆಂದು ತೋರಿಸುತ್ತದೆ. ಫಿಲ್ಮ್ ತೀರಾ ತೆಳುವಾದರೆ ರೆಸಿಸ್ಟೆನ್ಸ್ ದಿಢೀರನೆ ಜಿಗಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಮೇಡಂ ಕಂಡುಹಿಡಿದದ್ದು, ಅವರಿಗೆ ಹೆಸರು ತಂದದ್ದು. ನನ್ನ ಥೀಸಿಸ್ ನಿಂತಿರುವುದೂ ಆ ಜಿಗಿತದ ಮೇಲೇ.
ಈಗಷ್ಟೇ ಬಂದು ಸೂಜಿ ಕೂರಿಸಿ ಹೋದರು. ಐವತ್ತೆಂಟರಲ್ಲೂ ಕೈ ಒಂದಿಷ್ಟೂ ನಡುಗುವುದಿಲ್ಲ, ಪುಣ್ಯಾತ್ಗಿತ್ತಿ!

ಮಾರ್ಚ್ 5
ಎಡವಟ್ಟು. ಫಿಲ್ಮಿನ ಡಬ್ಬಿ ತಿರುಗಾಮುರುಗಾ ಇಟ್ಟುಬಿಟ್ಟೆ. ತೆಳುವಾದದ್ದು ಮೊದಲು ಹೋಯಿತು. ಜಿಗಿತವೇ ಇಲ್ಲ! ಅದು ಬಂದದ್ದು ಕೊನೆಗೆ ಹೋದ ದಪ್ಪ ಫಿಲ್ಮಿಗೆ. ಅಂದರೆ... ತಪ್ಪು ಫಿಲ್ಮಿನದಲ್ಲ. ಐದಕ್ಕೂ ಒಂದೇ ಸೂಜಿ; ಉಜ್ಜಿ ಉಜ್ಜಿ ಅದರ ಕರೆಂಟ್ ಒಯ್ಯುವ ಲೋಹದ ಲೇಪ ಸವೆಯುತ್ತಿದೆ. ಕೊನೆಗೆ ಹೋದದ್ದಕ್ಕೆ ಕೆಟ್ಟ ಹೆಸರು.


ಮಾರ್ಚ್ 9
ನಾಲ್ಕು ದಿನದಿಂದ ಬಾಯಿಗೆ ಬೀಗ. ಹೇಳಿದರೆ ಮೇಡಂ ಹೆಸರೂ ಹೋಯಿತು, ನನ್ನ ಮೂರು ಅಧ್ಯಾಯವೂ ಹೋಯಿತು. ಅಮ್ಮನಿಗೆ ಫೋನ್ ಮಾಡಿದೆ.
"ಹೇಳಿದ್ರೆ ಬೈತಾರೆ. ಹೇಳ್ದಿದ್ರೆ ನಿಂಗೆ ಊಟ ಸೇರಲ್ಲ. ಬೈಸ್ಕೊ ಹೋಗು."

ಮಾರ್ಚ್ 10, ಸಂಜೆ 6
ಬೆಳಿಗ್ಗೆ ಹೇಳಿದೆ. ತೊದಲುತ್ತಾ. ಮೇಡಂ ಬೈಯಲಿಲ್ಲ.
"ಹೊಸ ಸೂಜಿ ಎಷ್ಟಿವೆ?"
"ಆರು, ಮೇಡಂ."
"ಐದು ತಗೊಂಡ್ಬಾ. ಫಿಲ್ಮಿಗೊಂದು."
ತಾವೇ ಕೂತರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ರೆಸಿಸ್ಟೆನ್ಸ್ ಮೆಲ್ಲಗೆ ಏರುತ್ತಾ ಹೋಯಿತು. ಜಿಗಿತ ಎಲ್ಲೂ ಇಲ್ಲ. ಐದೂ ರೀಡಿಂಗ್ ಪರದೆಯ ಮೇಲೆ ಮತ್ತೊಮ್ಮೆ ನೋಡಿದರು. ಆಮೇಲೆ ನಕ್ಕರು.
"ಹನ್ನೊಂದು ವರ್ಷ ಸೂಜೀನ ನಂಬಿ ಫಿಲ್ಮನ್ನ ಬೈದೆ ನೋಡು."
ಹನ್ನೊಂದು ವರ್ಷದ ಹಿಂದಿನ ನನ್ನ ಲೇಖನ ತಪ್ಪು, ಹಿಂದಕ್ಕೆ ತೆಗೆದುಕೊಳ್ಳುತ್ತೇನೆ — ಜರ್ನಲ್‌ಗೆ ಅಲ್ಲೇ ಪತ್ರ ಟೈಪ್ ಮಾಡಿದರು. ನಾಳೆ ಕಳಿಸಿದರಾಗದೇ ಎಂದೆ.
"ಬೇಡಮ್ಮ. ನಾಳೆ ಹೊತ್ತಿಗೆ ನಂಗೆ ಬುದ್ಧಿ ಬಂದ್ಬಿಡುತ್ತೆ."
ಬಟನ್ ಒತ್ತುವಾಗ ಮಾತ್ರ ಕೈ ನಡುಗಿತು. ಕಂಡೂ ಕಾಣದವಳಂತೆ ಕಿಟಕಿ ಕಡೆ ತಿರುಗಿದೆ. ಇಂಥವರ ಹತ್ತಿರ ಕಲಿಯುತ್ತಿದ್ದೇನಲ್ಲ... ಅಳು ಬಂತು.

ಮಾರ್ಚ್ 24, ಬೆಳಿಗ್ಗೆ 9.40
ಮೊದಲ ಅಧ್ಯಾಯ, ಮತ್ತೆ ಮೊದಲಿಂದ. ಉಳಿದಿದ್ದ ಆರನೇ ಸೂಜಿ. ಮೇಡಂ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಾರೆ.
"ಇವತ್ತು ನೀನೇ ಕೂರ್ಸು. ರೀಡಿಂಗ್ ನಾನು ಬರ್ಕೋತೀನಿ."
ನನ್ನ ಕೈ ನಡುಗುತ್ತಿದೆ. ಅವರದು ಇಲ್ಲ. ಪೆನ್ನು ಕೇಳುತ್ತಿದ್ದಾರೆ. ಇರುವುದು ಇದೊಂದೇ, ಕೊಡ—