ಮಷೀನಿನ ಬೆನ್ನ ಮೇಲಿನ ಪತ್ರಿ

ಶಾಂತಾ,

ಮಗು ಈಗಷ್ಟೇ ಮಲಗಿದೆ, ನಿನಗೂ ನಿದ್ದೆ ಹತ್ತಿದೆ, ಎಬ್ಬಿಸಲಿಲ್ಲ. ಹರಿಹರದ ಗಾಡಿಗೆ ಹೊರಟಿದ್ದೇನೆ, ಸಂಜೆ ಬರುತ್ತೇನೆ.

ಏರ್ ಕಂಡಿಷನರ್ ಇನ್ನು ಸೋರುವುದಿಲ್ಲ. ಕೆಳಗಿಟ್ಟ ಬೋಗುಣಿ ತೆಗೆದುಬಿಡು. ಬಡಿಗೇರ ಗೋಣೆಪ್ಪ ಬಂದರೆ ಚಹಾ ಕೊಟ್ಟು ಕಳಿಸು. ಕಿಟಕಿಯಲ್ಲಿ ಮಷೀನನ್ನು ವಾರೆಯಾಗಿ ಕೂರಿಸಿದ್ದಾನೆಂದು ಸುಮ್ಮನೆ ಅವನನ್ನು ಬೈದೆ. ಹಿತ್ತಲಿಗೆ ಹೋಗಿ ನೋಡಿದರೆ, ನೀರು ಹೊರಗೆ ಹೋಗುವ ತೂತಿನ ತುಂಬ ಕೊಳೆತ ಪತ್ರಿ, ಕಣಗಿಲೆ ಹೂವು! ಪೂಜೆ ಮುಗಿದ ಹೂವನ್ನು ಯಾರೂ ತುಳಿಯಬಾರದೆಂದು ಅವ್ವ ದಿನಾ ಕಿಟಕಿಯಾಚೆ ಮಷೀನಿನ ಬೆನ್ನ ಮೇಲೆ ಇಡುತ್ತಿದ್ದಾಳೆ.

ಅವಳಿಗೆ ಏನೂ ಅನ್ನಬೇಡ, ದಮ್ಮಯ್ಯ. ಪಕ್ಕದ ಸರಳಿಗೆ ಬುಟ್ಟಿ ಕಟ್ಟಿದ್ದೇನೆ, ಹೂವು ಅದರಲ್ಲಿ ಹಾಕಲಿ.

ಇನ್ನೊಂದು ಮಾತು. ದೇವರ ಕೋಣೆಯ ಎದುರಿಗೇ ದಾಸವಾಳದ ಗಿಡ ಇದೆ. ಅದರ ಬುಡಕ್ಕೆ ಹೂವು ಹಾಕುವುದು ಬಿಟ್ಟು, ಮಂಡಿನೋವು ಇಟ್ಟುಕೊಂಡು ಹಿತ್ತಲು ಸುತ್ತಿ ಇಲ್ಲಿಗೇ ಯಾಕೆ ಬರುತ್ತಾಳೆ ಎಂದು ಅವಳು ನಿಲ್ಲುವ ಜಾಗದಲ್ಲೇ ನಿಂತು ನೋಡಿದೆ. ಅಲ್ಲಿಂದ ತೊಟ್ಟಿಲು ನೇರ ಕಾಣುತ್ತದೆ.

“ಕೂಸಿಗೆ ಥಂಡಿ ಹತ್ತಿಸೋ ಆ ಮಷೀನು ಇರೋತನಕ ನಾನು ಆ ಕ್ವಾಣಿಗೆ ಕಾಲಿಡಂಗಿಲ್ಲ” ಅಂದಿದ್ದಳಲ್ಲ. ಅವತ್ತಿನಿಂದ ನೀನೂ ಕರೆದಿಲ್ಲ, ನಾನೂ ಕರೆದಿಲ್ಲ.

ಇವತ್ತು ಅವಳ ಪೂಜೆ ಮುಗಿಯುವ ಹೊತ್ತಿಗೆ ಮಷೀನು ಆರಿಸಿ, ಮಗುವನ್ನು ಎತ್ತಿಕೊಂಡು ಕಿಟಕಿ ಹತ್ತಿರ ನಿಲ್ಲು. “ಒಳಗ ಬರ್ರಿ ಅತ್ತೆ” ಅಂತ ನೀನೇ ಕರೆ.

ಆಮೇಲೆ ಆ ಬುಟ್ಟಿ ಬೇಕಾಗಲಿಕ್ಕಿಲ್ಲ.

ನಿನ್ನ
ಉಜ್ಜನಪ್ಪ