ಒಂಟೆಯಿಲ್ಲದ ಮರುಭೂಮಿ

ಸ್ಯಾಂಡ್‌ವಿಕೆನ್, ಸ್ವೀಡನ್
೮ ಆಗಸ್ಟ್ ೨೦೦೬, ಮಂಗಳವಾರ

ನನ್ನ ಕುಮುದಾ,

ಪುಣೆಯ ಗೆಸ್ಟ್ ಹೌಸಿನ ಊಟ ನಿನಗೆ ಹಿಡಿಸಿದೆಯೋ ಇಲ್ಲವೋ, ನೀರನ್ನು ಮಾತ್ರ ಕಾಯಿಸಿಯೇ ಕುಡಿ. ಇಲ್ಲಿ ಕೃತಿ ಚೆನ್ನಾಗಿದ್ದಾಳೆ. ನಾನು ಈ ಪತ್ರ ಬರೆಯುತ್ತಿರುವಾಗ ಪಕ್ಕದಲ್ಲೇ ನೆಲದ ಮೇಲೆ ಕೂತು ಚಿತ್ರ ಬರೆಯುತ್ತಿದ್ದಾಳೆ.

ಭಾನುವಾರ ನೀನು ಫೋನಿನಲ್ಲಿ ಸೆವೆರಿನ್‌ನನ್ನು ಬೈದದ್ದು ನನಗೆ ಕೇಳಿಸಿತು. ನಾನು ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ನಾದುತ್ತಿದ್ದೆ. ಏಳು ವರ್ಷದ ಒಂದು ಮಗುವನ್ನು ನೋಡಿಕೊಳ್ಳಲು ನಿನ್ನಿಂದ ಆಗುವುದಿಲ್ಲವೇ ಎಂದು ನೀನು ಕೇಳಿದೆ. ಅವನು "ನನ್ನದೇ ತಪ್ಪು ಕುಮುದಾ, ನಾನು ಆಚೆ ನೋಡಿದ್ದೆ" ಎಂದ. ಆಮೇಲೆ ಫೋನು ನನ್ನ ಕೈಗೆ ಬಂತು. ನೀನು "ಏನಾಯ್ತಮ್ಮ?" ಎಂದೆ. ಎಲ್ಲ ಸರಿಹೋಯಿತು ಎಂದು ಹೇಳಿ ಇಟ್ಟುಬಿಟ್ಟೆ. ಹೇಳದೇ ಬಿಟ್ಟದ್ದು ಬಹಳವಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲೇ ಹೇಳುತ್ತೇನೆ, ನನಗೆ ಅವನ ಮೇಲೆ ನಂಬಿಕೆ ಇರಲಿಲ್ಲ. ನಿನಗೂ ಅದು ಗೊತ್ತು. ಸುದರ್ಶನನನ್ನು ನಾನೇ ಹುಡುಕಿ, ನಾನೇ ಒಪ್ಪಿ, ನಿನಗೆ ಮದುವೆ ಮಾಡಿಸಿದೆ. ಮಾಲ್ಮೋದ ಆಫೀಸಿನಲ್ಲಿ ಕೂತಲ್ಲೇ ಅವನ ಹೃದಯ ನಿಂತಾಗ ಕೃತಿಗೆ ಎರಡು ವರ್ಷ. ನೀನು ಭದ್ರಾವತಿಗೆ ಬರುತ್ತೀಯ ಎಂದು ಕಾದೆ. ಬರಲಿಲ್ಲ. ಹೋದ ವರ್ಷ ನೀನು ಫೋನ್ ಮಾಡಿ, ಸೆವೆರಿನ್ ಎಂದು ಹೆಸರು, ನಮ್ಮ ಕಾರ್ಖಾನೆಯಲ್ಲೇ ಕೆಲಸ ಮಾಡುವ ಮಂಗಳೂರಿನ ಕ್ರಿಶ್ಚಿಯನ್ನರವನು, ಮುಂದಿನ ವಾರ ರಿಜಿಸ್ಟರ್ ಮದುವೆ ಎಂದೆ. ಕೇಳಲಿಲ್ಲ, ತಿಳಿಸಿದೆ. ಈ ಮೂರು ತಿಂಗಳು ನಾನು ಇಲ್ಲಿಗೆ ಬಂದದ್ದು ನಿನ್ನನ್ನು ನೋಡಲು ಎಂದು ನೀನು ತಿಳಿದಿದ್ದೀಯ. ನಾನು ಬಂದದ್ದು ಅವನನ್ನು ನೋಡಲು.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವಳು ನಾನು. ಯಾರು ಯಾವಾಗ ದನಿ ತಗ್ಗಿಸುತ್ತಾರೆ ಎಂಬುದು ನನಗೆ ಬೇಗ ತಿಳಿಯುತ್ತದೆ. ನೀನು ಕಾರ್ಖಾನೆಯ ಕೆಲಸಕ್ಕೆ ಪುಣೆಗೆ ಹೊರಟ ಮೇಲೆ ಅವನು ದಿನಾ ಸಂಜೆ ಬಾಲ್ಕನಿಗೆ ಹೋಗಿ, ಬಾಗಿಲು ಎಳೆದುಕೊಂಡು, ಯಾರ ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತಿದ್ದ. ಒಮ್ಮೆ ಕೊಂಕಣಿ, ಒಮ್ಮೆ ಇಂಗ್ಲಿಷ್. ನಡುವೆ ಕೃತಿಯ ಹೆಸರು ಬರುತ್ತಿತ್ತು. ನಾನು ಕಾಫಿ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು.

ಆ ದ್ವೀಪಕ್ಕೆ ಹೋಗುವ ಮಾತು ಹೇಗೆ ಬಂತೆಂದು ನಿನಗೆ ಗೊತ್ತಿದೆ. ಶಾಲೆಯ ಪುಸ್ತಕದಲ್ಲಿ ಒಂಟೆ ನೋಡಿ ಕೃತಿ ಮರುಭೂಮಿ ಬೇಕೆಂದಳು. ರಾಜಸ್ಥಾನ ದೂರ, ಸ್ವೀಡನ್ನಿನಲ್ಲೇ ಒಂದು ಉಂಟು, ಒಂಟೆ ಮಾತ್ರ ಇಲ್ಲ ಎಂದ ಇವನು. ಸಮುದ್ರದ ನಡುವೆ ಒಂದು ಮರಳುಗಾಡು, ಗೋಟ್ಸ್ಕಾ ಸ್ಯಾಂಡೋನ್ ಎಂದು ಹೆಸರು, ಮಕ್ಕಳೂ ಮುದುಕರೂ ಆರಾಮಾಗಿ ಹೋಗಿಬರಬಹುದು ಎಂದ. ಕೈಪಿಡಿ ತಂದು ತೋರಿಸಿದ. ನನಗೆ ಕಂಡದ್ದು ಬೇರೆ. ಅಂಗಡಿ ಇಲ್ಲ, ಊರಿಲ್ಲ, ಬಂದರು ಕೂಡ ಇಲ್ಲ. ಗಾಳಿ ಒಪ್ಪಿದರೆ ದೋಣಿ ದಡಕ್ಕೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ನೀನು ದೇಶದಲ್ಲಿ ಇಲ್ಲದಾಗ ನನ್ನ ಮೊಮ್ಮಗಳನ್ನು ಅಂಥ ಕಡೆ ಯಾಕೆ ಕರೆದೊಯ್ಯಬೇಕು? ನನಗೆ ಮಂಡಿನೋವು, ನೀವು ಹೋಗಿಬನ್ನಿ ಎಂದು ನಾನು ಹೇಳುತ್ತೇನೆಂದು ಅವನು ಎಣಿಸಿರಬೇಕು. ನಾನೂ ಹೊರಟೆ.

ಬುಧವಾರ ನ್ಯೂನೆಸ್‌ಹಾಮ್ನ್‌ನಲ್ಲಿ ದೋಣಿ ಹತ್ತಿದೆವು. ಮೂರೂವರೆ ಗಂಟೆ ನೀರು. ದ್ವೀಪದ ಹತ್ತಿರ ದೋಣಿ ನೇರ ಮರಳಿಗೇ ಮೂತಿ ತೂರಿಸಿ ನಿಂತಿತು. ಹಲಗೆ ಇಳಿಸಿದರು. ಇವನು ಪ್ಯಾಂಟು ಮಡಚಿ ನೀರಿಗಿಳಿದು ನನಗೆ ಕೈ ಕೊಟ್ಟ. ನಾನು ಹಿಡಿಯಲಿಲ್ಲ, ಹಗ್ಗ ಹಿಡಿದು ಇಳಿದೆ. ಸಾಮಾನನ್ನೆಲ್ಲ ಟ್ರ್ಯಾಕ್ಟರ್ ಒಯ್ದಿತು. ನಾವು ಪೈನ್ ಕಾಡಿನ ನಡುವಿನ ಮರಳುದಾರಿಯಲ್ಲಿ ಮೂರ್ನಾಲ್ಕು ಮೈಲಿ ನಡೆದು ಬಿಡಾರ ಸೇರಿದೆವು. ಮರದ ಸಣ್ಣ ಗುಡಿಸಲು, ಮೂರು ಮಂಚ.

ಜಾಗ ಚೆನ್ನಾಗಿತ್ತು, ಅದನ್ನು ಒಪ್ಪಬೇಕು. ಮನೆಯೆತ್ತರದ ಮರಳುದಿಬ್ಬಗಳು. ಕೃತಿ ಮೇಲಿನಿಂದ ಉರುಳುವುದು, ಮತ್ತೆ ಹತ್ತುವುದು. ತಲೆತುಂಬ ಮರಳು. ಇವನೂ ಅವಳ ಸಮಕ್ಕೆ ಉರುಳಿದ. ಸಂಜೆ ಬಕೆಟ್ಟಿನಲ್ಲಿ ನೀರು ತಂದು ಅವಳ ಪಾದ ತೊಳೆದ, ಬೆರಳಸಂದಿಯ ಮರಳನ್ನೂ ತೆಗೆದ. ಇಷ್ಟು ಮಾಡುವವನು ಯಾತಕ್ಕೆ ಮಾಡುತ್ತಾನೆ ಎಂದು ನಾನು ನೋಡುತ್ತ ಕೂತೆ. ಮರುದಿನ ಬೆಳಿಗ್ಗೆ ನಾನು ಎದ್ದಾಗ ಇಬ್ಬರೂ ಇರಲಿಲ್ಲ. ಹೊರಗೆ ಬಂದು ಹುಡುಕಿದರೆ, ಅಲ್ಲಿರುವ ಪುಟ್ಟ ಮರದ ಚರ್ಚಿನಿಂದ ಕೈ ಕೈ ಹಿಡಿದು ಹೊರಗೆ ಬರುತ್ತಿದ್ದಾರೆ. ನನ್ನನ್ನು ಕಂಡು ಅವನು "ಬಾಗಿಲು ತೆರೆದೇ ಉಂಟು ಅಮ್ಮ, ಒಳಗೆ ಭಾರೀ ತಂಪು" ಎಂದ. ನಾನು ಕೃತಿಯನ್ನು ನನ್ನ ಕಡೆಗೆ ಎಳೆದುಕೊಂಡೆ.

ಅವತ್ತು ಮಧ್ಯಾಹ್ನ ಅವರಿಬ್ಬರೂ ಈಜಲು ಹೋದಾಗ ಅವನ ಚೀಲ ತೆಗೆದು ನೋಡಿದೆ. ನಾಚಿಕೆಯ ಕೆಲಸವೇ, ಆದರೂ ನೋಡಿದೆ. ಪ್ಲಾಸ್ಟಿಕ್ ಕವರಿನಲ್ಲಿ ಒಂದು ಅರ್ಜಿ. ಮೇಲೆ ಕಮ್ಯೂನಿನ ಮುದ್ರೆ. ನಗರಸಭೆಯನ್ನು ಇಲ್ಲಿ ಹಾಗೆ ಕರೆಯುತ್ತಾರೆ ಎಂದು ನೀನೇ ಹೇಳಿದ್ದೆ. ಒಳಗೆ ಕೃತಿಯ ಪೂರ್ತಿ ಹೆಸರು, ಅವಳ ಗುರುತಿನ ನಂಬರು, ಕೆಳಗೆ ಇವನ ಸಹಿ. ಸ್ವೀಡಿಷ್ ನನಗೆ ಬಾರದು. ಆದರೆ 'ನಾಮ್ನ್' ಎಂದರೆ ಹೆಸರು ಎಂದು ತಿಳಿಯದೇ? ಇನ್ನೊಂದು ಪದ 'ಮೂದೆರ್' ಎಂದು ಶುರುವಾಗುತ್ತಿತ್ತು, ಅಂದರೆ ಮದರ್. ಎರಡನ್ನೂ ಕೂಡಿಸಿದೆ. ತಾಯಿ ಊರಲ್ಲಿಲ್ಲದಾಗ ಮಗುವಿನ ಹೆಸರು ಬದಲಿಸಿ ತನ್ನದಾಗಿಸಿಕೊಳ್ಳುವ ಕಾಗದ ಎಂದು ನಿಶ್ಚಯ ಮಾಡಿಕೊಂಡೆ. ಕಾಗದವನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಯಾರಿಗೂ ಏನೂ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಇವನು ಪಾತ್ರೆ ತೊಳೆಯಲು ಪಂಪಿನ ಹತ್ತಿರ ಹೋದ. ಕೃತಿ ಇದ್ದದ್ದು ನನ್ನ ಹತ್ತಿರ. ಇದನ್ನು ನೀನು ಗಮನಿಸಿ ಓದು. ಅವನು ಆಚೆ ನೋಡಿರಲಿಲ್ಲ, ಅವನು ಅಲ್ಲಿ ಇರಲೇ ಇಲ್ಲ. ದಿಬ್ಬದ ಮೇಲೆ ನಾವಿಬ್ಬರೇ ಇದ್ದೆವು. ನನಗೆ ಸ್ವಲ್ಪ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಹುಡುಗಿ ಇಲ್ಲ.

ಮೊದಲು ಉರುಳುತ್ತಿದ್ದಾಳೆ ಎಂದುಕೊಂಡೆ. ಕೂಗಿದೆ. ಗಾಳಿ ಎದುರಿನಿಂದ ಬೀಸಿ ನನ್ನ ದನಿಯನ್ನು ನನ್ನ ಬಾಯಿಗೇ ತುರುಕುತ್ತಿತ್ತು. ಹೆಜ್ಜೆಗುರುತು ನೋಡೋಣವೆಂದರೆ ಗಾಳಿಗೆ ಅದೂ ಮುಚ್ಚಿಹೋಗಿತ್ತು. ನಾನು ಬಿದ್ದು ಎದ್ದು ಬಿಡಾರಕ್ಕೆ ಬಂದೆ. ಅವನ ಕೈಯಿಂದ ತಟ್ಟೆಗಳು ಬಿದ್ದವು. "ನೀವು ಹೆದರಬೇಡಿ ಅಮ್ಮ, ಇಲ್ಲೇ ಎಲ್ಲಿಯೋ ಇದ್ದಾಳೆ ಅವಳು" ಎಂದವನು ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿದ.

ಅಲ್ಲಿ ಕಾವಲಿಗಿರುವ ಹೆಂಗಸು ಗುನಿಲ್ಲಾ, ಐವತ್ತರ ಮೇಲಿನವಳು, ಉಳಿದ ಪ್ರವಾಸಿಗಳನ್ನೆಲ್ಲ ಸೇರಿಸಿ ದಿಕ್ಕಿಗೊಬ್ಬರನ್ನು ಕಳಿಸಿದಳು. ನನ್ನನ್ನು ಕೂರಿಸಿ ಇಂಗ್ಲಿಷಿನಲ್ಲಿ ಕೇಳಿದಳು: ಮಗು ಎಲ್ಲಿದೆಯೆಂದು ತಂದೆಗೆ ಗೊತ್ತಿರಬಹುದೇ? ಆಗ ನಾನು ಆಡಿದ ಮಾತು ನನ್ನದೇ. ಯಾರೂ ಬಾಯಿಗೆ ತುರುಕಲಿಲ್ಲ. "ಹೀ ಈಸ್ ನಾಟ್ ಫಾದರ್" ಎಂದೆ. "ಐ ಹ್ಯಾವ್ ಡೌಟ್ ಆನ್ ಹಿಮ್" ಎಂದೆ. ಚೀಲದಲ್ಲಿ ಬಚ್ಚಿಟ್ಟ ಕಾಗದ, ಬಾಲ್ಕನಿಯ ಫೋನು, ಹಿಂದಿನ ದಿನ ಬೆಳಿಗ್ಗೆ ಹೇಳದೆ ಕರೆದೊಯ್ದದ್ದು, ನನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವಳ ಮುಖ ಬಿಗಿಯಾಯಿತು. ಎದ್ದುಹೋಗಿ ಆಚೆ ದಡದ ಊರಿಗೆ ಫೋನ್ ಮಾಡಿ ಪೊಲೀಸರಿಗೆ ತಿಳಿಸಿದಳು.

ಮೂರು ಗಂಟೆ ಕಳೆಯಿತು. ಸಂಜೆ ಆರರ ಹೊತ್ತಿಗೆ, ಬಿಸಿಲು ಇನ್ನೂ ಚುರುಕಾಗಿಯೇ ಇತ್ತು, ಕಾಡಿನ ದಾರಿಯ ತುದಿಯಲ್ಲಿ ಒಬ್ಬನೇ ಎತ್ತರದ ಮನುಷ್ಯ ಬರುವುದು ಕಂಡಿತು. ಹತ್ತಿರ ಬಂದಾಗ ಅವರು ಇಬ್ಬರು. ಕೃತಿ ಅವನ ಹೆಗಲ ಮೇಲೆ ಕೂತಿದ್ದಳು. ನಾವು ಮೊದಲ ದಿನ ಇಳಿದ ದಡಕ್ಕೆ ಅವಳೊಬ್ಬಳೇ ನಡೆದು ಹೋಗಿ, ಮರಳಿನ ಮೇಲೆ ಕೂತು, ದೋಣಿಗೆ ಕಾಯುತ್ತಿದ್ದಳಂತೆ. ಆ ದಡಕ್ಕೆ ದೋಣಿ ಅವತ್ತು ಬರುವುದೇ ಇರಲಿಲ್ಲ.

ನಾನು ಎದ್ದು ಓಡುವ ಮೊದಲೇ ಗುನಿಲ್ಲಾ ಮುಂದೆ ಹೋಗಿ ಮಗುವನ್ನು ಅವನ ಹೆಗಲಿನಿಂದ ಇಳಿಸಿಕೊಂಡಳು. ಅವನು ಹಿಂದೆ ಬರಹೋದರೆ ಕೈ ಅಡ್ಡ ಹಿಡಿದಳು. ಮಗುವನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದಳು. ಇವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಸುತ್ತ ನಿಂತ ಜನರ ಮುಖ ನೋಡಿದ, ನನ್ನ ಮುಖ ನೋಡಿದ. ಅರ್ಥವಾಯಿತು. ಪೈನ್ ಬೇರುಗಳಿಗೆ ತಾಗಿ ಪಾದವೆರಡೂ ಒಡೆದು ರಕ್ತಕ್ಕೆ ಮರಳು ಮೆತ್ತಿತ್ತು. ಹಾಗೇ ನಿಂತಿದ್ದ. ಗಟ್ಟಿಯಾಗಿ ಒಂದು ಮಾತು ಆಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು, ಕುಮುದಾ. ಅವನು "ಅವಳಿಗೆ ನೀರು ಕುಡಿಸಲು ಹೇಳಿ ಅಮ್ಮ, ಗಂಟಲು ಒಣಗಿದೆ" ಎಂದು ಮಾತ್ರ ಹೇಳಿದ.

ಅರ್ಧ ಗಂಟೆಯ ಮೇಲೆ ಗುನಿಲ್ಲಾ ಹೊರಬಂದಳು. ಅವನ ಭುಜ ಹಿಡಿದು ಏನೋ ಹೇಳಿದಳು. ಪೊಲೀಸರಿಗೆ ಮತ್ತೆ ಫೋನ್ ಮಾಡಿ ಬರುವುದು ಬೇಡವೆಂದಳು. ಒಳಗೆ ಅವಳೂ ಕೃತಿಯೂ ಸ್ವೀಡಿಷಿನಲ್ಲಿ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಶನಿವಾರ ಹಿಂತಿರುಗುವ ದೋಣಿಯಲ್ಲಿ ಕೃತಿ ಮಲಗಿದ ಮೇಲೆ ಆ ಕಾಗದ ತೆಗೆದು ಅವನ ಮುಂದಿಟ್ಟೆ. ಇದೇನು ಎಂದೆ. ಅವನು ಅದನ್ನು ಬಿಡಿಸಿ ನೋಡಿದ.

"ಇದು ಕನ್ನಡದ್ದು ಅಮ್ಮ. ಮಗುವಿನ ಮಾತೃಭಾಷೆಯನ್ನು ಶಾಲೆಯಲ್ಲೇ ಕಲಿಸ್ತಾರೆ ಇಲ್ಲಿ. ಆದ್ರೆ ಐದು ಮಕ್ಕಳಾದ್ರೂ ಬೇಕು. ಕನ್ನಡದ ಮಕ್ಕಳು ಯಾರ ಮನೆಯಲ್ಲಿ ಇದ್ದಾರೆ ಅಂತ ನಾನು ಗುರ್ತಿನವರಿಗೆಲ್ಲ ಫೋನ್ ಮಾಡಿ ಕೇಳ್ತಾ ಇದ್ದೆ. ಮೂವರು ಸಿಕ್ಕಿದ್ದಾರೆ. ಐದಾದ ಮೇಲೆ ಕುಮುದಾಗೆ ಹೇಳುವಾ ಅಂತ ಇದ್ದೆ, ಅವಳ ಸಹಿಯೂ ಬೇಕು."

ನಿನಗೆ ಕೊಂಕಣಿಯಲ್ಲವೇ ಮಾತೃಭಾಷೆ, ಇದನ್ನು ಯಾಕೆ ಹಚ್ಚಿಕೊಂಡೆ ಎಂದು ಕೇಳಿದೆ. "ಅವಳಿಗೆ ಕನ್ನಡ ಅಲ್ವಾ" ಎಂದ. "ಅವಳ ಅಪ್ಪ ಬರೆದ ಪತ್ರಗಳು ಕುಮುದಾ ಹತ್ತಿರ ಉಂಟಲ್ಲ. ಮುಂದೆ ಅವಳೇ ಓದ್ಲಿಕ್ಕೆ ಬೇಕಲ್ಲ ಅಮ್ಮ."

ಗುರುವಾರ ಬೆಳಿಗ್ಗೆ ಆ ಚರ್ಚಿನಲ್ಲಿ ಏನು ಮಾಡಿದರು ಎಂದು ನಾನು ಕೇಳಲಿಲ್ಲ. ಇನ್ನು ಕೇಳುವುದೂ ಇಲ್ಲ.

ಇಷ್ಟು ನಡೆದದ್ದು. ಈಗ ನಿನಗೆ ತಿಳಿಯಿತಲ್ಲ, ನೀನು ಬೈದದ್ದು ತಪ್ಪು ಮನುಷ್ಯನನ್ನು. ಇಲ್ಲಿ ಎಲ್ಲ ಸರಿಯಿದೆ. ಇವನ ಪಾದ ಒಣಗುತ್ತಿದೆ. ನಿನ್ನೆ ಕೆಲಸಕ್ಕೂ ಹೋದ. ನಾನು ತೊಂಡೆಕಾಯಿ ಸಿಗದೆ ಬೀನ್ಸಿನಲ್ಲೇ ಪಲ್ಯ ಮಾಡಿದೆ, ಎರಡು ಸಲ ಹಾಕಿಸಿಕೊಂಡ. ನಿನ್ನ ಆರೋಗ್ಯ ನೋಡಿಕೋ.

ನಿನ್ನ ಅಮ್ಮ,
ಶಕುಂತಲಾ

ತಾ.ಕ.: ಸಹಿ ಮಾಡಿದ ಮೇಲೆ ಒಂದು ಲೋಟ ನೀರು ಕುಡಿದು ಬಂದು ಮತ್ತೆ ಕೂತಿದ್ದೇನೆ. ಯಾರಿಗೂ ಏನೂ ಹೇಳಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಜೋಂಪು ಹತ್ತಿದ್ದೂ ಸುಳ್ಳು. ಶುಕ್ರವಾರ ದಿಬ್ಬದ ಮೇಲೆ ಕೃತಿಗೆ ಆ ಕಾಗದ ತೋರಿಸಿ ನಾನೇ ಹೇಳಿದೆ: ಇವನು ನಿನ್ನ ಹೆಸರು ಬದಲಿಸುತ್ತಾನೆ, ಅವನಿಗೆ ಸ್ವಂತ ಮಗುವಾದ ಮೇಲೆ ನೀನು ಯಾರಿಗೂ ಬೇಡ, ನನ್ನ ಜೊತೆ ಭದ್ರಾವತಿಗೆ ಬಂದುಬಿಡು. ಅವಳು ಅಳಲಿಲ್ಲ. ಎದ್ದಳು, ನಡೆದಳು. ನನ್ನ ಕಣ್ಣೆದುರಿಗೇ ಹೋದಳು. ಕೋಪ ಇಳಿದ ಮೇಲೆ ಬರುತ್ತಾಳೆ ಎಂದು ಸುಮ್ಮನೆ ಕೂತೆ. ನಿನ್ನ ಹತ್ತಿರ ಬರಲು ದೋಣಿ ಹುಡುಕಿಕೊಂಡು ಹೊರಟಿದ್ದಾಳೆ ಎಂದು ನನಗೆ ಹೊಳೆಯಲಿಲ್ಲ.

ಒಳಗೆ ಏನು ಮಾತಾಡಿಕೊಂಡರೋ ಗೊತ್ತಿಲ್ಲ ಎಂದದ್ದೂ ಸುಳ್ಳು. ಅವಳು ಇದನ್ನೆಲ್ಲ ಗುನಿಲ್ಲಾಗೂ ಹೇಳಿದ್ದಾಳೆ, ದಾರಿಯಲ್ಲಿ ಹೆಗಲ ಮೇಲೆ ಬರುವಾಗ ಅವನಿಗೂ ಹೇಳಿದ್ದಾಳೆ. ಎಲ್ಲ ಗೊತ್ತಿದ್ದೂ ಅಳಿಯಂದಿರು ಭಾನುವಾರ ನಿನ್ನ ಬೈಗುಳವನ್ನು ತಮ್ಮ ತಲೆಗೇ ಹಾಕಿಕೊಂಡರು. ಇವತ್ತು ಬೆಳಿಗ್ಗೆ ಕೃತಿಯನ್ನು ಕೂರಿಸಿಕೊಂಡು, ಅಜ್ಜಿ ಹೇಳಿದ್ದು ಸುಳ್ಳು ಕಣೇ ಎಂದೆ. ಅವಳು ಬಣ್ಣದ ಪೆನ್ಸಿಲಿನಿಂದ ಕಣ್ಣೆತ್ತದೆ ಹೇಳಿದಳು: "ಗೊತ್ತು ಅಜ್ಜಿ. ಸೆವೆರಿನ್ ಹೇಳಿದ. ನಿಂಗೆ ತುಂಬಾ ಭಯ ಆಗಿತ್ತಂತೆ."