ಕೋಲ್ಡ್ ರೂಮ್ ಕೆಟ್ಟ ಎರಡು ದಿನ

ಅಮೃತಹಳ್ಳಿ
ಶುಕ್ರವಾರ

ಅಬ್ಬಾ, ಸಲಾಂ.

ನೀವು ನನ್ನೊಡನೆ ಮಾತು ಬಿಟ್ಟು ಹತ್ತು ದಿನವಾಯಿತು. ಅದಕ್ಕೇ ಒಂದೇ ಮನೆಯಲ್ಲಿದ್ದರೂ ಬರೆಯುತ್ತಿದ್ದೇನೆ.

ಶಾಲೆ ಬಿಟ್ಟ ನನ್ನನ್ನು ಮಾಂಸದ ಕಾರ್ಖಾನೆಗೆ ಸೇರಿಸಿದವರು ನೀವು. ಹೊರದೇಶದ ತಪಾಸಣೆಯವರು ಕೇಳಿದಾಗ, ಕೋಲ್ಡ್ ರೂಮ್ ಎರಡು ದಿನ ಕೆಟ್ಟಿತ್ತು ಎಂದವನು ನಾನು. ಅವರು ನಮ್ಮ ಕುರಿಮಾಂಸ ಬೇಡವೆಂದರು. ಈಗ ಎರಡೂ ದೇಶಗಳ ಸರ್ಕಾರಗಳೇ ಜಗಳವಾಡುತ್ತಿವೆ. ಕಾರ್ಖಾನೆಗೆ ಬೀಗ ಬಿದ್ದು ನಿಮ್ಮ ಮೂವತ್ತು ವರ್ಷದ ಕೆಲಸ ಹೋಯಿತು.

ಇಂದು ಮ್ಯಾನೇಜರ್ ಬಂದಿದ್ದರು. “ನಾನು ಹೇಳಿದ್ದು ಸುಳ್ಳು ಅಂತ ಬರ್ಕೊಡೋ ಜೀಷಾನ್, ಬೀಗ ತೆಗೆಸ್ತೀವಿ” ಅಂದರು. ನನ್ನಿಂದ ಆಗಲಿಲ್ಲ. ದಿನಾ ಕಾರ್ಖಾನೆಯಿಂದ ಮಾಂಸ ತರುತ್ತಿದ್ದ ನೀವು ಆ ಎರಡು ದಿನ ಮನೆಗೆ ಒಂದು ತುಂಡನ್ನೂ ತರಲಿಲ್ಲ, ಅಬ್ಬಾ.

ನಿಮ್ಮ ಕೆಲಸದ ಚೂರಿಗಳಿಗೆ ತುಕ್ಕು ಹಿಡಿಯುತ್ತಿದೆ. ಎಣ್ಣೆ ಹಚ್ಚಿಡಲೇ? ಬೇಡ ಎಂದಾದರೂ ಬಾಯಿಬಿಟ್ಟು ಹೇಳಿ.

ನಿಮ್ಮ ಮಗ
ಜೀಷಾನ್